ಮೊದಲ ಎರಡು ಹೆಜ್ಜೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಟೈಟ್ ಎಂಡ್ ಆಟಗಾರರನ್ನು ಬೆಳೆಸುವ ಬಗೆ

2019ರ ಏಪ್ರಿಲ್‌ನಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ತನ್ನ ವಾರ್ಷಿಕ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ನಡೆಸಿದಾಗ, 8ನೇ ಆಯ್ಕೆಯಾಗಿ ಟಿ.ಜೆ. ಹಾಕಿನ್ಸನ್ ಡೆಟ್ರಾಯ್ಟ್ ಲಯನ್ಸ್ ತಂಡದ ಪಾಲಾದರು. 20ನೇ ಆಯ್ಕೆಯಾಗಿ ನೋವಾ ಫ್ಯಾಂಟ್ ಡೆನ್ವರ್ ಬ್ರಾಂಕೋಸ್ ಸೇರಿದರು. ಇಬ್ಬರೂ ಟೈಟ್ ಎಂಡ್ ಸ್ಥಾನದ ಆಟಗಾರರು, ಇಬ್ಬರೂ ಅಯೋವಾ ವಿಶ್ವವಿದ್ಯಾಲಯದ ತಂಡದಿಂದ ಬಂದವರು. ಒಂದೇ ವರ್ಷದ ಮೊದಲ ಸುತ್ತಿನಲ್ಲಿ ಒಂದೇ ಕಾಲೇಜಿನ ಇಬ್ಬರು ಟೈಟ್ ಎಂಡ್‌ಗಳು ಆಯ್ಕೆಯಾದದ್ದು ಅದೇ ಮೊದಲು. ಅಯೋವಾ ಮೆಕ್ಕೆಜೋಳ ಬೆಳೆಯುವ, ಸುಮಾರು 32 ಲಕ್ಷ ಜನಸಂಖ್ಯೆಯ ರಾಜ್ಯ. ಟೆಕ್ಸಾಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಂತೆ ಪ್ರತಿಭಾವಂತ ಹೈಸ್ಕೂಲ್ ಆಟಗಾರರು ಅಲ್ಲಿ ಹೇರಳವಾಗಿ ಸಿಗುವುದಿಲ್ಲ. ಆದರೂ ಡಲ್ಲಾಸ್ ಕ್ಲಾರ್ಕ್, ಜಾರ್ಜ್ ಕಿಟಲ್, ಹಾಕಿನ್ಸನ್, ಫ್ಯಾಂಟ್, ಸ್ಯಾಮ್ ಲಾಪೋರ್ಟಾ ಹೀಗೆ ಒಬ್ಬರ ಹಿಂದೆ ಒಬ್ಬರು ಅಲ್ಲಿಂದಲೇ ಬಂದಿದ್ದಾರೆ. ಇದು ಅದೃಷ್ಟದ ಮಾತಲ್ಲ. ಈ ಸ್ಥಾನದ ಆಟಗಾರನನ್ನು ಸಿದ್ಧಪಡಿಸುವುದಕ್ಕೆ ಒಂದು ಕ್ರಮವಿದೆ, ಮತ್ತು ಆ ಕ್ರಮವನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಆ ಸ್ಥಾನವನ್ನೇ ಅರ್ಥಮಾಡಿಕೊಳ್ಳಬೇಕು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡಕ್ಕೆ 11 ಮಂದಿ. ಚೆಂಡು ಹೊಂದಿರುವ ತಂಡಕ್ಕೆ 10 ಗಜ ಮುನ್ನಡೆಯಲು ನಾಲ್ಕು ಅವಕಾಶಗಳು ಸಿಗುತ್ತವೆ. ಪ್ರತಿ ಸಲವೂ ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಅದನ್ನು ಮುಂದಕ್ಕೆ ಎಸೆಯಬಹುದು. ಚೆಂಡಿನ ನೇರಕ್ಕೆ ಸಾಲಾಗಿ ನಿಲ್ಲುವ, 50ರಿಂದ 79ರೊಳಗಿನ ಸಂಖ್ಯೆಯ ಜೆರ್ಸಿ ತೊಟ್ಟ ಐದು ಮಂದಿ ಭಾರೀ ಆಳುಗಳ ಕೆಲಸ ಎದುರಾಳಿಗಳನ್ನು ತಡೆಯುವುದಷ್ಟೇ. ಮುಂದಕ್ಕೆ ಎಸೆದ ಚೆಂಡನ್ನು ಅವರು ಹಿಡಿಯುವಂತಿಲ್ಲ. ಸಾಲಿನ ಎರಡು ತುದಿಗಳಲ್ಲಿ ನಿಂತವರಿಗೂ ಸಾಲಿನ ಹಿಂದೆ ನಿಂತವರಿಗೂ ಮಾತ್ರ ಆ ಹಕ್ಕಿದೆ. ಟೈಟ್ ಎಂಡ್ ಎಂದರೆ ಹೀಗೆ ತುದಿಯಲ್ಲಿ, ಆದರೆ ಸಾಲಿಗೆ ಅಂಟಿಕೊಂಡಂತೆ ನಿಲ್ಲುವ ಆಟಗಾರ. ಆತ ಆ ಐವರ ಸಾಲಿನ ಕೊನೆಯವನಾದ ಪಕ್ಕದ ಟ್ಯಾಕಲ್‌ನಂತೆ ಎದುರಾಳಿಯನ್ನು ಬ್ಲಾಕ್ ಮಾಡಬಲ್ಲ, ಅಂದರೆ ಮೈಯೊಡ್ಡಿ ತಡೆಯಬಲ್ಲ. ಮರುಕ್ಷಣವೇ ಓಡಿಹೋಗಿ ಚೆಂಡನ್ನು ಹಿಡಿಯಲೂ ಬಲ್ಲ.

ಈ ನಿಯಮವನ್ನು ಎಷ್ಟರ ಮಟ್ಟಿಗೆ ಹಿಗ್ಗಿಸಬಹುದು ಎಂಬುದಕ್ಕೆ 2024ರ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್ ತಂಡ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿರುದ್ಧ ಆಡಿದ ಪಂದ್ಯ ಒಳ್ಳೆಯ ಉದಾಹರಣೆ. ಅಂದು ಪೆನ್ ಸ್ಟೇಟ್‌ನ ಟೈಟ್ ಎಂಡ್ ಟೈಲರ್ ವಾರನ್ ಒಂದು ಸಲ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನ ಜಾಗದಲ್ಲೇ ನಿಂತರು. ಉಳಿದ ಲೈನ್‌ನವರು ಅವರ ಒಂದೇ ಬದಿಗೆ ನಿಂತಿದ್ದರಿಂದ ಸೆಂಟರ್ ಆಗಿದ್ದರೂ ಅವರು ಸಾಲಿನ ತುದಿಯವರಾದರು. ಜೆರ್ಸಿಯ ಸಂಖ್ಯೆ 44 ಆಗಿದ್ದರಿಂದ ಚೆಂಡು ಹಿಡಿಯುವ ಅರ್ಹತೆಯೂ ಇತ್ತು. ಚೆಂಡನ್ನು ಹಿಂದಕ್ಕೆ ಕೊಟ್ಟು, ತಾವೇ ಮುಂದಕ್ಕೆ ಓಡಿ, ಎಸೆದ ಅದೇ ಚೆಂಡನ್ನು ಹಿಡಿದು 32 ಗಜಗಳ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಪಡೆಯುವುದು) ಗಳಿಸಿದರು. ಆ ದಿನ ಅವರು ಒಟ್ಟು 17 ಪಾಸ್ ಹಿಡಿದು 224 ಗಜ ಗಳಿಸಿದರು.

ಇಂಥ ತಮಾಷೆಯ ಆಟಗಳು ಅಪರೂಪ. ದಿನನಿತ್ಯದ ಫುಟ್‌ಬಾಲ್‌ನಲ್ಲಿ ಟೈಟ್ ಎಂಡ್‌ನ ಮಹತ್ವ ಬೇರೆಡೆ ಇದೆ. ಆತ ಕಣದಲ್ಲಿದ್ದಾಗ ರಕ್ಷಣಾ ತಂಡಕ್ಕೆ ಒಂದು ಇಕ್ಕಟ್ಟು ಎದುರಾಗುತ್ತದೆ. ಓಟವನ್ನು ತಡೆಯಲು ಭಾರವಾದ ಲೈನ್‌ಬ್ಯಾಕರ್‌ಗಳನ್ನು (ರಕ್ಷಣಾ ಸಾಲಿನ ಹಿಂದೆ ನಿಲ್ಲುವವರು) ಇಳಿಸಿದರೆ ಪಾಸ್ ಬಂದಾಗ ಆತನ ವೇಗಕ್ಕೆ ಅವರು ಸಾಟಿಯಾಗುವುದಿಲ್ಲ. ಪಾಸ್ ತಡೆಯಲೆಂದು ಹಗುರವಾದ ಸೇಫ್ಟಿಗಳನ್ನು (ಅವರಿಗಿಂತಲೂ ಹಿಂದೆ ನಿಲ್ಲುವವರು) ಇಳಿಸಿದರೆ ಆತ ಅವರನ್ನು ನೂಕಿ ಓಟಕ್ಕೆ ದಾರಿ ಮಾಡಿಕೊಡುತ್ತಾನೆ. ನಮ್ಮವರಿಗೆ ಪರಿಚಿತವಾದ ಕ್ರಿಕೆಟ್‌ನ ವಿಕೆಟ್‌ಕೀಪರ್-ಬ್ಯಾಟರ್‌ಗೆ ಈ ಸ್ಥಾನವನ್ನು ಹೋಲಿಸಬಹುದಾದರೂ ಒಂದು ಮುಖ್ಯ ವ್ಯತ್ಯಾಸವಿದೆ. ಕೀಪರ್ ತನ್ನ ಎರಡು ಕೆಲಸಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಮಾಡುತ್ತಾನೆ ಮತ್ತು ಈಗ ಆತ ಯಾವುದನ್ನು ಮಾಡುತ್ತಿದ್ದಾನೆ ಎಂಬುದು ಇಡೀ ಮೈದಾನಕ್ಕೆ ಗೊತ್ತಿರುತ್ತದೆ. ಟೈಟ್ ಎಂಡ್ ಮಾತ್ರ ಯಾವ ಕೆಲಸ ಮಾಡಲಿದ್ದಾನೆ ಎಂಬುದು ಮೊದಲ ಎರಡು ಹೆಜ್ಜೆ ಮುಗಿಯುವವರೆಗೂ ಎದುರಾಳಿಗೆ ತಿಳಿಯಬಾರದು. ಈ ಸ್ಥಾನದ ತರಬೇತಿಯ ಬಹುಪಾಲು ಆ ಎರಡು ಹೆಜ್ಜೆಗಳ ಸುತ್ತಲೇ ತಿರುಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬ್ಲಾಕಿಂಗ್ ಬಾರದವನು ಬ್ಲಾಕ್ ಮಾಡುವಂತೆ ನಟಿಸಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಚೆಂಡು ಹಿಡಿಯುವ ಕಲೆಗೆ ಬುನಾದಿಯಾಗಿ ಬ್ಲಾಕಿಂಗ್ ಕಲಿಸಬೇಕಾಗುತ್ತದೆ.

ಸಮಸ್ಯೆ ಶುರುವಾಗುವುದು ಹೈಸ್ಕೂಲ್ ಆಟಗಾರರನ್ನು ಆರಿಸುವಾಗಲೇ. ಅನೇಕ ಹೈಸ್ಕೂಲ್ ತಂಡಗಳು ಚೆಂಡು ಹಿಡಿಯುವ ನಾಲ್ಕೈದು ರಿಸೀವರ್‌ಗಳನ್ನು ಮೈದಾನದ ಉದ್ದಗಲಕ್ಕೂ ಹರಡಿ ಆಡುವುದರಿಂದ ಟೈಟ್ ಎಂಡ್ ಎಂಬ ಸ್ಥಾನವೇ ಅಲ್ಲಿ ವಿರಳ. ಕಾಲೇಜಿನ ಕೋಚ್ ಹಾಗಾಗಿ ಸಿದ್ಧ ಟೈಟ್ ಎಂಡ್‌ನನ್ನು ಹುಡುಕುವುದಿಲ್ಲ. ಮುಂದೆ ಟೈಟ್ ಎಂಡ್ ಆಗಬಲ್ಲ ದೇಹವನ್ನು ಹುಡುಕುತ್ತಾನೆ. ಆರಡಿ ನಾಲ್ಕು ಅಂಗುಲದ ಆಸುಪಾಸಿನ ಎತ್ತರ, ಉದ್ದ ತೋಳು, ದೊಡ್ಡ ಅಂಗೈ, ಇನ್ನೂ ತೂಕ ಹೊರಬಲ್ಲ ಅಗಲವಾದ ಭುಜ ಮತ್ತು ಸೊಂಟ, ಇವು ಮೊದಲ ಲಕ್ಷಣಗಳು. ಆ ಹುಡುಗ ಹೈಸ್ಕೂಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದಿರಬಹುದು, ಲೈನ್‌ಬ್ಯಾಕರ್ ಆಗಿದ್ದಿರಬಹುದು, ಅಥವಾ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಿರಬಹುದು. ವಾರನ್ ಹೈಸ್ಕೂಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್. ಟ್ರಾವಿಸ್ ಕೆಲ್ಸಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಬಂದದ್ದೂ ಕ್ವಾರ್ಟರ್‌ಬ್ಯಾಕ್ ಆಗಿಯೇ. ಆಂಟೋನಿಯೋ ಗೇಟ್ಸ್ ಅಂತೂ ಕೆಂಟ್ ಸ್ಟೇಟ್‌ನಲ್ಲಿ ಬರೀ ಬ್ಯಾಸ್ಕೆಟ್‌ಬಾಲ್ ಆಡಿ, ಕಾಲೇಜು ಫುಟ್‌ಬಾಲ್ ಆಡದೆಯೇ ಎನ್‌ಎಫ್‌ಎಲ್ ಸೇರಿ, ಕೊನೆಗೆ ಹಾಲ್ ಆಫ್ ಫೇಮ್ ತಲುಪಿದರು. ಆದರೆ ಗೇಟ್ಸ್ ಅವರನ್ನು ಮಾದರಿಯಾಗಿ ತೆಗೆದುಕೊಂಡರೆ ದಾರಿ ತಪ್ಪುತ್ತದೆ, ಅಂಥವರು ಅಪವಾದ. ಡಲ್ಲಾಸ್ ಕ್ಲಾರ್ಕ್ ಅವರ ಹಾದಿ ಹೆಚ್ಚು ಪಾಠ ಹೇಳುತ್ತದೆ. ಅವರು ಅಯೋವಾಕ್ಕೆ ಬಂದದ್ದು ವಾಕ್-ಆನ್ ಆಗಿ, ಅಂದರೆ ಕ್ರೀಡಾ ವಿದ್ಯಾರ್ಥಿವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ಓದುತ್ತ ತಂಡ ಸೇರಿದ ಲೈನ್‌ಬ್ಯಾಕರ್ ಆಗಿ. ಆಮೇಲೆ ಅವರನ್ನು ಟೈಟ್ ಎಂಡ್ ಸ್ಥಾನಕ್ಕೆ ಬದಲಿಸಲಾಯಿತು. 2002ರಲ್ಲಿ ಕಾಲೇಜು ಮಟ್ಟದ ಅತ್ಯುತ್ತಮ ಟೈಟ್ ಎಂಡ್‌ಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿ ಅವರಿಗೆ ಬಂತು. ಮರುವರ್ಷ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅವರನ್ನು ಆರಿಸಿತು.

ದೇಹದ ಕೆಲಸ ಕಾಣುವಷ್ಟು ಸರಳವಲ್ಲ. ನೂರು ಕಿಲೋಕ್ಕಿಂತ ಕಡಿಮೆ ತೂಕದ ಹದಿನೆಂಟರ ಹುಡುಗ 110ರಿಂದ 118 ಕಿಲೋ ತೂಗುವ ಆಟಗಾರನಾಗಬೇಕು. ಆದರೆ ಬರುವ ತೂಕ ಅವನ ವೇಗವನ್ನು ತಿನ್ನಬಾರದು. ಒಂದೇ ವರ್ಷದಲ್ಲಿ ತುರುಕಿದ ತೂಕ ಹೊಟ್ಟೆಯ ಸುತ್ತ ಕೂರುತ್ತದೆ, ಮಂಡಿ ಮತ್ತು ತೊಡೆಯ ಸ್ನಾಯುಗಳು ಪೆಟ್ಟು ತಿನ್ನುತ್ತವೆ. ಹಾಗಾಗಿ ಎರಡು ಮೂರು ವರ್ಷಗಳ ಲೆಕ್ಕದಲ್ಲಿ, ಭಾರ ಎತ್ತುವುದರ ಜೊತೆಗೆ ಊಟವನ್ನೂ ಅಳೆದು ಯೋಜಿಸಲಾಗುತ್ತದೆ. ಕಾಲೇಜು ಕ್ರೀಡೆಯ ನಿಯಂತ್ರಕ ಸಂಸ್ಥೆಯಾದ ಎನ್‌ಸಿಎಎ 2014ರಲ್ಲಿ ಆಟಗಾರರಿಗೆ ಮಿತಿಯಿಲ್ಲದೆ ಊಟ, ತಿಂಡಿ ಒದಗಿಸಲು ಕಾಲೇಜುಗಳಿಗೆ ಅನುಮತಿ ಕೊಟ್ಟದ್ದು ಇಂಥ ಸ್ಥಾನಗಳಿಗೆ ದೊಡ್ಡ ಅನುಕೂಲವಾಯಿತು. ಇನ್ನೊಂದು ಅನುಕೂಲ ರೆಡ್‌ಶರ್ಟ್ ಪದ್ಧತಿ. ವಿದ್ಯಾರ್ಥಿಗೆ ಐದು ವರ್ಷಗಳೊಳಗೆ ನಾಲ್ಕು ಋತು ಆಡುವ ಹಕ್ಕಿದ್ದು, ಮೊದಲ ವರ್ಷ ಆಡಿಸದೆ ಅಭ್ಯಾಸಕ್ಕೆ ಮೀಸಲಿಟ್ಟರೆ ಆ ನಾಲ್ಕು ಋತುಗಳೂ ಉಳಿಯುತ್ತವೆ. 2018ರಿಂದ ಆ ವರ್ಷ ನಾಲ್ಕು ಪಂದ್ಯಗಳವರೆಗೆ ಆಡಿಸಿದರೂ ನಷ್ಟವಿಲ್ಲ. ಹಾಕಿನ್ಸನ್ ಮತ್ತು ಕಿಟಲ್ ಇಬ್ಬರೂ ಈ ಹಾದಿಯಲ್ಲಿ ಬಂದವರು.

ಇನ್ನು ಬ್ಲಾಕಿಂಗ್. ದೂರದಿಂದ ನೋಡಿದವರಿಗೆ ಇಬ್ಬರು ದಾಂಡಿಗರು ಡಿಕ್ಕಿ ಹೊಡೆದಂತೆ ಕಾಣುವ ಈ ಕೆಲಸದಲ್ಲಿ ಬಲಕ್ಕಿಂತ ಪಾದಗಳ ಲೆಕ್ಕವೇ ಹೆಚ್ಚು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಯೋವಾದಲ್ಲಿ 1999ರಿಂದ ಮುಖ್ಯ ಕೋಚ್ ಆಗಿರುವ ಕರ್ಕ್ ಫೆರೆಂಟ್ಸ್, ಅದಕ್ಕೂ ಮೊದಲು 1981ರಿಂದ 1989ರವರೆಗೆ ಅಲ್ಲಿಯೇ ಲೈನ್ ಕೋಚ್ ಆಗಿದ್ದವರು. ಅವರ ತಂಡದ ಆಧಾರ ‘ಔಟ್‌ಸೈಡ್ ಝೋನ್’ ಎಂಬ ಓಟದ ಆಟ. ಇದರಲ್ಲಿ ಇಡೀ ಲೈನ್ ಒಂದೇ ದಿಕ್ಕಿಗೆ ಜರುಗುತ್ತ ಎದುರಾಳಿಗಳನ್ನು ಅಡ್ಡಕ್ಕೆ ಎಳೆಯುತ್ತದೆ. ಓಟ ಬಲಕ್ಕೆ ಎಂದಿಟ್ಟುಕೊಳ್ಳಿ. ಬಲತುದಿಯಲ್ಲಿ ಟೈಟ್ ಎಂಡ್ ಒಂದು ಕೈ ನೆಲಕ್ಕೂರಿ ಕೂತಿದ್ದಾನೆ. ಅವನ ಹೊರ ಭುಜದ ಎದುರಿಗೆ ಅವನಿಗಿಂತ ಭಾರವಾದ ಡಿಫೆನ್ಸಿವ್ ಎಂಡ್, ಅಂದರೆ ರಕ್ಷಣಾ ಸಾಲಿನ ತುದಿಯವನು, ನಿಂತಿದ್ದಾನೆ. ಆ ಎದುರಾಳಿಯ ಹೊರಬದಿಗೆ ತಲುಪಿ ಅವನನ್ನು ಒಳಗಡೆಗೆ ಮುಚ್ಚಬೇಕು. ಚೆಂಡು ಕದಲಿದೊಡನೆ ಬಲಪಾದ ಆರು ಅಂಗುಲದಷ್ಟು ಮಾತ್ರ ಪಕ್ಕಕ್ಕೆ ಹೋಗಬೇಕು. ಅದಕ್ಕಿಂತ ಉದ್ದ ಹಾಕಿದರೆ ದೇಹದ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ, ಅಷ್ಟರಲ್ಲಿ ಎದುರಾಳಿ ತಗುಲಿದರೆ ಹುಡುಗ ಮಗುಚಿ ಬೀಳುತ್ತಾನೆ. ಎರಡನೆಯ ಹೆಜ್ಜೆ, ಎಡಗಾಲಿನದು, ಎದುರಾಳಿಯ ಎರಡು ಕಾಲುಗಳ ನಡುವಿನ ಗುರಿಯತ್ತ ಹೋಗಿ ಡಿಕ್ಕಿಗೆ ಮುಂಚೆಯೇ ನೆಲ ಮುಟ್ಟಿರಬೇಕು. ಇಷ್ಟೂ ನಡೆಯುವುದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ.

ಕೈಗಳ ಪಾಠ ಇದಕ್ಕೆ ಹೊಂದಿಕೊಂಡಿರುತ್ತದೆ. ಮೊಣಕೈ ಪಕ್ಕೆಗೆ ಒತ್ತಿರಬೇಕು, ಹೆಬ್ಬೆರಳು ಮೇಲಕ್ಕಿರಬೇಕು, ಅಂಗೈಗಳು ಎದುರಾಳಿಯ ಎದೆಯ ಫಲಕದೊಳಗೆ ಸೇರಬೇಕು. ಕೈ ಭುಜದ ಹೊರಗೆ ಹೋಗಿ ಜೆರ್ಸಿ ಹಿಡಿದರೆ ಹೋಲ್ಡಿಂಗ್ ಎಂಬ ತಪ್ಪಿಗೆ 10 ಗಜ ದಂಡ ತೆರಬೇಕು. ಮಂಡಿ ಬಾಗಿ ಎದುರಾಳಿಗಿಂತ ತಗ್ಗಿನಲ್ಲಿರಬೇಕು. ಆರಡಿ ಐದು ಅಂಗುಲದ ಹುಡುಗನಿಗೆ ಇದೇ ಎಲ್ಲಕ್ಕಿಂತ ಕಷ್ಟದ ಪಾಠ. ಅಡ್ಡಲಾಗಿ ತಗ್ಗು ಚಾವಣಿ ಕಟ್ಟಿದ ಚೌಕಟ್ಟಿನ ಕೆಳಗೆ ಓಡಿಸುವುದು, ಎರಡು ಕಾಲುಗಳು ಹತ್ತಿರ ಬರದಂತೆ ನಡುವೆ ಹಲಗೆ ಇಟ್ಟು ಬ್ಲಾಕ್ ಮಾಡಿಸುವುದು, ಭಾರದ ಸ್ಲೆಡ್ಡನ್ನು (ನೆಲದ ಮೇಲೆ ಜಾರುವ ಚೌಕಟ್ಟು) ನೂಕಿಸುವುದು, ಇವೆಲ್ಲ ಆ ಅಭ್ಯಾಸವನ್ನು ಮೈಗೂಡಿಸುವ ಉಪಾಯಗಳು. ಮುಂದಿನ ಹಂತದಲ್ಲಿ ಪಕ್ಕದ ಟ್ಯಾಕಲ್ ಜೊತೆ ಸೇರಿ ಒಬ್ಬನೇ ಎದುರಾಳಿಯನ್ನು ಇಬ್ಬರೂ ನೂಕುತ್ತ, ಕಣ್ಣನ್ನು ಮಾತ್ರ ಹಿಂದಿರುವ ಲೈನ್‌ಬ್ಯಾಕರ್ ಮೇಲಿಟ್ಟು, ಅವನು ಯಾವ ಕಡೆಗೆ ಬಂದನೋ ಆ ಕಡೆಯವನು ಬಿಟ್ಟುಹೋಗಿ ಅವನನ್ನು ತಡೆಯುವ ಜೋಡಿ ಬ್ಲಾಕ್ ಕಲಿಸಲಾಗುತ್ತದೆ. ಇದನ್ನು ಮಾತಿನಲ್ಲಿ ಹೇಳಿಕೊಟ್ಟು ಪ್ರಯೋಜನವಿಲ್ಲ. ಅದೇ ಟ್ಯಾಕಲ್ ಪಕ್ಕದಲ್ಲಿ ನೂರಾರು ಸಲ ಮಾಡಿದಾಗಷ್ಟೇ ಇಬ್ಬರ ಭುಜಗಳಿಗೆ ಪರಸ್ಪರ ಅರ್ಥವಾಗುತ್ತದೆ. ಒಂದು ಮಾತನ್ನು ಒಳ್ಳೆಯ ಕೋಚ್‌ಗಳು ಮೊದಲೇ ಸ್ಪಷ್ಟಪಡಿಸುತ್ತಾರೆ: ಟೈಟ್ ಎಂಡ್ ತನಗಿಂತ ಭಾರವಾದವನನ್ನು ನೆಲಕ್ಕೆ ಕೆಡವಬೇಕಿಲ್ಲ, ಓಡುವವನು ದಾಟಿಹೋಗುವವರೆಗೆ ಅವನ ಮತ್ತು ಚೆಂಡಿನ ನಡುವೆ ಉಳಿದರೆ ಸಾಕು. ಇದು ತಿಳಿಯದ ಹುಡುಗರು ಗುದ್ದಿಗೆ ಆಸೆಪಟ್ಟು ಪಾದ ತಪ್ಪುತ್ತಾರೆ.

ಈಗ ಅದೇ ಔಟ್‌ಸೈಡ್ ಝೋನ್‌ನ ನಕಲಿ ರೂಪವನ್ನು ನೋಡಬೇಕು. ಲೈನ್ ಹಿಂದಿನಂತೆಯೇ ಬಲಕ್ಕೆ ಜರುಗುತ್ತದೆ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಹೊಟ್ಟೆಗೆ ಕೊಟ್ಟಂತೆ ಮಾಡಿ ತನ್ನಲ್ಲೇ ಉಳಿಸಿಕೊಂಡು ಎಡಕ್ಕೆ ತಿರುಗಿ ಓಡುತ್ತಾನೆ. ಎಡತುದಿಯ ಟೈಟ್ ಎಂಡ್ ಓಟದ ಆಟದಲ್ಲಿ ಮಾಡುವಂತೆಯೇ ಬಲಕ್ಕೆ ಎರಡು ಹೆಜ್ಜೆ ಹಾಕಿ, ಎದುರಾಳಿಗೆ ಭುಜ ಕೊಟ್ಟು, ಒಂದು ಕ್ಷಣ ತಡೆದು, ನಂತರ ಅವನನ್ನು ಬಿಟ್ಟು ಎಡಕ್ಕೆ ಜಾರಿಕೊಂಡರೆ ಅಲ್ಲಿ ಅವನನ್ನು ಕಾಯುವವರು ಯಾರೂ ಇರುವುದಿಲ್ಲ. ಲೈನ್‌ಬ್ಯಾಕರ್ ಆ ವೇಳೆಗೆ ಓಟ ಎಂದು ನಂಬಿ ಬಲಕ್ಕೆ ಓಡಿಯಾಗಿರುತ್ತದೆ. ಟಿವಿಯಲ್ಲಿ ನೋಡುವಾಗ ಟೈಟ್ ಎಂಡ್ ಸುತ್ತ ಹತ್ತು ಗಜ ಖಾಲಿ ಜಾಗ ಕಂಡು ವೀಕ್ಷಕ ವಿವರಣೆಕಾರರು ರಕ್ಷಣಾ ತಂಡವನ್ನು ಬೈಯುವುದುಂಟು. ನಿಜದಲ್ಲಿ ಆ ಖಾಲಿ ಜಾಗ ಆ ದಿನ ಅಷ್ಟು ಹೊತ್ತೂ ಅದೇ ಹುಡುಗ ನಿಷ್ಠೆಯಿಂದ ಮಾಡಿದ ಇಪ್ಪತ್ತು ಮೂವತ್ತು ಬ್ಲಾಕ್‌ಗಳ ಫಲ. ಭುಜವನ್ನು ಅರ್ಧ ಕ್ಷಣ ಮುಂಚೆ ತಿರುಗಿಸಿದರೂ, ತಲೆಯನ್ನು ಎಡಕ್ಕೆ ಹೊರಳಿಸಿದರೂ ಸೇಫ್ಟಿಗೆ ಸುಳಿವು ಸಿಗುತ್ತದೆ. ಆದ್ದರಿಂದ ತರಬೇತಿಯಲ್ಲಿ ಓಟದ ಆಟದ ಮತ್ತು ನಕಲಿ ಆಟದ ವಿಡಿಯೋಗಳನ್ನು ಒಂದರ ಪಕ್ಕ ಒಂದಿಟ್ಟು, ಎರಡನೆಯ ಹೆಜ್ಜೆಗೆ ನಿಲ್ಲಿಸಿ, ಇವೆರಡರಲ್ಲಿ ಯಾವುದು ಪಾಸ್ ಎಂದು ಹೇಳಲು ಸಾಧ್ಯವೇ ಎಂದು ಪರೀಕ್ಷಿಸುವುದು ತುಂಬ ಉಪಯುಕ್ತ.

ರಿಸೀವರ್ ಆಗಿ ಟೈಟ್ ಎಂಡ್ ಕಲಿಯಬೇಕಾದ್ದು ಬೇರೆಯದೇ ಒಂದು ವಿದ್ಯೆ. ಅಂಚಿನಲ್ಲಿ ಆಡುವ ವೈಡ್ ರಿಸೀವರ್‌ಗೆ ಎದುರಿಗೆ ಒಬ್ಬನೇ ಇರುತ್ತಾನೆ, ಓಡಲು ಜಾಗವಿರುತ್ತದೆ. ಟೈಟ್ ಎಂಡ್ ಹೊರಡುವುದೇ ಜನಜಂಗುಳಿಯ ನಡುವಿನಿಂದ. ಮೊದಲು ಡಿಫೆನ್ಸಿವ್ ಎಂಡ್‌ನ ಕೈಯಿಂದ ತಪ್ಪಿಸಿಕೊಳ್ಳಬೇಕು, ಆಮೇಲೆ ಲೈನ್‌ಬ್ಯಾಕರ್‌ನ ಎದೆಗೆ ಸಿಗಬಾರದು, ಅಷ್ಟರಲ್ಲಿ ಎದುರು ತಂಡ ತನ್ನೊಬ್ಬನನ್ನೇ ಹಿಂಬಾಲಿಸುತ್ತಿದೆಯೋ ಅಥವಾ ಜಾಗ ಹಂಚಿಕೊಂಡು ಕಾಯುತ್ತಿದೆಯೋ ಎಂದು ಓಡುತ್ತಲೇ ಓದಿಕೊಳ್ಳಬೇಕು. ‘ಸ್ಟಿಕ್’ ಎಂಬ ಸಾಧಾರಣ ರೂಟನ್ನೇ (ರಿಸೀವರ್‌ಗೆ ಮೊದಲೇ ಗೊತ್ತುಮಾಡಿದ ಓಟದ ದಾರಿ) ನೋಡಿ. ಐದಾರು ಗಜ ನೇರವಾಗಿ ಓಡಿದ ಮೇಲೆ, ಒಬ್ಬ ಹಿಂಬಾಲಿಸುತ್ತಿದ್ದರೆ ಹೊರಕ್ಕೆ ಕಡಿದುಕೊಂಡು ಓಡಬೇಕು. ಜಾಗ ಕಾಯುತ್ತಿದ್ದರೆ ಖಾಲಿ ಕಿಂಡಿಯಲ್ಲಿ ತಟ್ಟನೆ ನಿಂತು ಕ್ವಾರ್ಟರ್‌ಬ್ಯಾಕ್‌ಗೆ ಎದೆ ತೋರಿಸಬೇಕು. ಕ್ವಾರ್ಟರ್‌ಬ್ಯಾಕ್ ಅದೇ ಕ್ಷಣದಲ್ಲಿ ಅದನ್ನೇ ಓದಿರಬೇಕು; ಒಬ್ಬ ಒಂದು ರೀತಿ, ಇನ್ನೊಬ್ಬ ಮತ್ತೊಂದು ರೀತಿ ಓದಿದರೆ ಚೆಂಡು ನೇರ ಎದುರಾಳಿಯ ಕೈಗೆ. ಹಿಂದೆ ಕ್ವಾರ್ಟರ್‌ಬ್ಯಾಕ್ ಆಗಿದ್ದ ಹುಡುಗರು ಈ ಸ್ಥಾನದಲ್ಲಿ ಬೇಗ ಕುದುರುವುದಕ್ಕೆ ಇದೇ ಕಾರಣವಿರಬೇಕು. ಇನ್ನು ಚೆಂಡು ಹಿಡಿಯುವ ಅಭ್ಯಾಸದಲ್ಲಿ, ಯಂತ್ರ ಎಸೆದ ಚೆಂಡು ಕೈಗೆ ಬೀಳುವ ಹೊತ್ತಿಗೇ ಕೋಚ್ ಮೆತ್ತನೆಯ ಫಲಕದಿಂದ ಪಕ್ಕೆಗೆ ಬಡಿಯುತ್ತಾರೆ. ಪಂದ್ಯದಲ್ಲಿ ಮೈದಾನದ ನಡುವೆ ಚೆಂಡು ಹಿಡಿದವನಿಗೆ ಪೆಟ್ಟು ಖಚಿತ. ಪೆಟ್ಟಿನ ನಿರೀಕ್ಷೆಯಲ್ಲಿ ಕಣ್ಣು ಚೆಂಡಿನಿಂದ ಸರಿಯದಂತೆ ಮಾಡುವುದೇ ಆ ಅಭ್ಯಾಸದ ಉದ್ದೇಶ.

ಇಷ್ಟೆಲ್ಲ ಕಲಿಸಲು ಹೊತ್ತೆಲ್ಲಿದೆ? ಎನ್‌ಸಿಎಎ ನಿಯಮದ ಪ್ರಕಾರ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಚಟುವಟಿಕೆ ಇರುವಂತಿಲ್ಲ. ಅದರಲ್ಲೇ ಸಭೆ, ಭಾರ ಎತ್ತುವುದು, ಅಭ್ಯಾಸ, ಪಂದ್ಯ ಎಲ್ಲವೂ ಸೇರಬೇಕು. ವಸಂತಕಾಲದಲ್ಲಿ 15 ಅಭ್ಯಾಸಗಳು ಮಾತ್ರ. ಲೈನ್‌ನವರು ತಮ್ಮ ಕೋಚ್ ಜೊತೆ ಒಂದು ಮೂಲೆಯಲ್ಲಿ ಬ್ಲಾಕಿಂಗ್ ಅಭ್ಯಾಸ ಮಾಡುವ ಹೊತ್ತಿಗೇ ರಿಸೀವರ್‌ಗಳು ಇನ್ನೊಂದು ಮೂಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಜೊತೆ ಪಾಸ್ ಅಭ್ಯಾಸ ಮಾಡುತ್ತಿರುತ್ತಾರೆ. ಟೈಟ್ ಎಂಡ್ ಎರಡೂ ಕಡೆ ಬೇಕು. ದಿನ ಬಿಟ್ಟು ದಿನ ಹಂಚುವುದು ಸುಲಭದ ಉಪಾಯವಾದರೂ ಅದರಿಂದ ಹುಡುಗ ಎರಡರಲ್ಲೂ ಅರೆಬರೆಯಾಗುತ್ತಾನೆ. ಕಿರಿಯರನ್ನು ಮೊದಲ ವರ್ಷ ಹೆಚ್ಚಾಗಿ ಲೈನ್ ಕಡೆಗೇ ಕಳಿಸಿ, ಬ್ಲಾಕಿಂಗ್ ಕುದುರಿದ ಮೇಲೆ ರಿಸೀವರ್‌ಗಳ ಕಡೆಗೆ ಹೊರಳಿಸುವುದು ಮೇಲು ಎಂದು ನನಗನ್ನಿಸುತ್ತದೆ. ರೂಟ್‌ಗಳನ್ನು ಬೇಸಿಗೆಯಲ್ಲಿ ಕ್ವಾರ್ಟರ್‌ಬ್ಯಾಕ್ ಜೊತೆ ತಾವಾಗಿಯೇ ಅಭ್ಯಾಸ ಮಾಡಿಕೊಳ್ಳಬಹುದು. ಬ್ಲಾಕಿಂಗ್‌ಗೆ ಎದುರಾಳಿ, ಹೆಲ್ಮೆಟ್, ಪ್ಯಾಡ್, ಕೋಚ್ ಕಣ್ಣು ಎಲ್ಲವೂ ಬೇಕು.

ಅಯೋವಾದಲ್ಲಿ ಈ ಸ್ಥಾನವನ್ನು ಕಲಿಸಿದವರ ಹಿನ್ನೆಲೆಯೂ ಕುತೂಹಲಕರ. ಕಿಟಲ್ ಅವರ ಕೊನೆಯ ಋತುಗಳಲ್ಲಿ ಟೈಟ್ ಎಂಡ್ ಕೋಚ್ ಆಗಿದ್ದ ಲೆವಾರ್ ವುಡ್ಸ್ ಎನ್‌ಎಫ್‌ಎಲ್‌ನಲ್ಲಿ ಲೈನ್‌ಬ್ಯಾಕರ್ ಆಗಿ ಆಡಿದವರು. 2022ರಲ್ಲಿ ಆ ಹುದ್ದೆಗೆ ಬಂದ ಅಬ್ದುಲ್ ಹಾಜ್ ಕೂಡ ಅಯೋವಾದ ಹಳೆಯ ಲೈನ್‌ಬ್ಯಾಕರ್. ಮೇಲ್ನೋಟಕ್ಕೆ ಇದು ವಿಚಿತ್ರ. ಆದರೆ ಟೈಟ್ ಎಂಡ್ ಮೋಸಗೊಳಿಸಬೇಕಾದ್ದು ಲೈನ್‌ಬ್ಯಾಕರ್‌ನನ್ನೇ ಆದ್ದರಿಂದ, ಯಾವ ಸುಳಿವು ಕಂಡರೆ ಲೈನ್‌ಬ್ಯಾಕರ್ ಮುಂದಕ್ಕೆ ನುಗ್ಗುತ್ತಾನೆ, ಯಾವುದಕ್ಕೆ ಹಿಂದೆ ಸರಿಯುತ್ತಾನೆ ಎಂಬುದನ್ನು ಬಲ್ಲವರು ಅದನ್ನು ಕಲಿಸುವುದರಲ್ಲಿ ಅರ್ಥವಿದೆ.

ಪ್ರತಿ ಪಂದ್ಯದ ಮರುದಿನ ಕೋಚ್ ವಿಡಿಯೋ ಮುಂದೆ ಕೂತು ಒಂದೊಂದು ಆಟಕ್ಕೂ ಪ್ಲಸ್ ಅಥವಾ ಮೈನಸ್ ಹಾಕುತ್ತಾರೆ. ನಿಂತ ಭಂಗಿ, ಮೊದಲ ಹೆಜ್ಜೆ, ಕೈಯ ಜಾಗ, ಕೊನೆಯವರೆಗೂ ಬಿಡದ ಶ್ರಮ, ಇವಕ್ಕೆಲ್ಲ ಲೆಕ್ಕವಿದೆ. ಚೆಂಡು ಹಿಡಿದ ಸಂಖ್ಯೆ ಆ ಹಾಳೆಯಲ್ಲಿ ಸಣ್ಣ ಪಾಲು. ಇದನ್ನು ಗಮನದಲ್ಲಿಟ್ಟುಕೊಂಡು ಕಿಟಲ್ ಅವರ ಕಾಲೇಜು ಅಂಕಿಅಂಶ ನೋಡಿದರೆ ಚಿತ್ರ ತಿಳಿಯಾಗುತ್ತದೆ. 2013 ಮತ್ತು 2014, ಈ ಎರಡು ಋತುಗಳಲ್ಲಿ ಸೇರಿ ಅವರು ಹಿಡಿದದ್ದು ಆರೇ ಆರು ಪಾಸ್. ನಾಲ್ಕು ಋತುಗಳಲ್ಲಿ ಒಟ್ಟು 48 ಪಾಸ್, 737 ಗಜ, 10 ಟಚ್‌ಡೌನ್. 2017ರ ಡ್ರಾಫ್ಟ್‌ನಲ್ಲಿ ಐದನೇ ಸುತ್ತಿನವರೆಗೆ, 146ನೇ ಆಯ್ಕೆಯವರೆಗೆ ಯಾರೂ ಅವರನ್ನು ಕೇಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸೇರಿದ ಎರಡನೆಯ ವರ್ಷ, 2018ರಲ್ಲಿ, ಒಂದೇ ಋತುವಿನಲ್ಲಿ 1,377 ಗಜ ಗಳಿಸಿ ಎನ್‌ಎಫ್‌ಎಲ್‌ನ ಟೈಟ್ ಎಂಡ್ ದಾಖಲೆಯನ್ನೇ ಬರೆದರು. 2020ರಲ್ಲಿ ಕೆಲ್ಸಿ 1,416 ಗಜ ಗಳಿಸುವವರೆಗೆ ಅದು ಉಳಿಯಿತು. ಕಾಲೇಜಿನಲ್ಲಿ ಅವರ ಹೆಸರಿನ ಮುಂದೆ ಸಂಖ್ಯೆಗಳಿರಲಿಲ್ಲ, ಆದರೆ ಬ್ಲಾಕಿಂಗ್ ಇತ್ತು. ವಾರನ್ ಅವರದೂ ಇಂಥದೇ ಏರಿಕೆ: 2023ರಲ್ಲಿ 34 ಪಾಸ್, ಪೆನ್ ಸ್ಟೇಟ್‌ನ ಐದನೆಯ ವರ್ಷವಾದ 2024ರಲ್ಲಿ 104.

ಎಲ್ಲರೂ ಈ ನಿಧಾನದ ಹಾದಿಯಲ್ಲೇ ಬರುತ್ತಾರೆ ಎಂದೇನಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಬ್ರಾಕ್ ಬೌವರ್ಸ್ 2021ರಲ್ಲಿ ಕಾಲೇಜಿಗೆ ಕಾಲಿಟ್ಟ ವರ್ಷವೇ 13 ಪಾಸ್‌ಗಳನ್ನು ಟಚ್‌ಡೌನ್ ಆಗಿಸಿದರು, ಮ್ಯಾಕಿ ಪ್ರಶಸ್ತಿಯನ್ನು 2022 ಮತ್ತು 2023ರಲ್ಲಿ ಗೆದ್ದು ಅದನ್ನು ಎರಡು ಸಲ ಪಡೆದ ಮೊದಲಿಗರಾದರು. ಆದರೆ ಬೌವರ್ಸ್ ಅಷ್ಟು ಸ್ವತಂತ್ರವಾಗಿ ಮೈದಾನದುದ್ದಕ್ಕೂ ಜಾಗ ಬದಲಿಸಿ ಆಡಲು ಸಾಧ್ಯವಾದದ್ದರ ಹಿಂದೆ ಆರಡಿ ಏಳು ಅಂಗುಲದ ಡಾರ್ನೆಲ್ ವಾಷಿಂಗ್ಟನ್ ಎಂಬ ಇನ್ನೊಬ್ಬ ಟೈಟ್ ಎಂಡ್ ಸಾಲಿನ ತುದಿಯಲ್ಲಿ ನಿಂತು ಭಾರದ ಕೆಲಸ ಹೊತ್ತದ್ದೂ ಇದೆ. ಇಬ್ಬರು ಟೈಟ್ ಎಂಡ್‌ಗಳನ್ನು ಒಟ್ಟಿಗೆ ಇಳಿಸಿದಾಗ ಓಟವೋ ಪಾಸೋ ಎಂಬ ಪ್ರಶ್ನೆ ಎದುರಾಳಿಗೆ ಎರಡು ಕಡೆಯಿಂದಲೂ ಬರುತ್ತದೆ. ಹಾಕಿನ್ಸನ್ ಮತ್ತು ಫ್ಯಾಂಟ್ ಜೋಡಿಯಿಂದ 2018ರಲ್ಲಿ ಅಯೋವಾ ಪಡೆದ ಲಾಭವೂ ಇದೇ ಬಗೆಯದು. ಎತ್ತರಕ್ಕೆ ಹಾರಿ ವೇಗವಾಗಿ ಓಡುವ ಫ್ಯಾಂಟ್ ಒಂದು ಕಡೆ, ತುದಿಯಲ್ಲಿ ನಿಂತು ಯಾರನ್ನಾದರೂ ತಡೆಯಬಲ್ಲ ಹಾಕಿನ್ಸನ್ ಇನ್ನೊಂದು ಕಡೆ. ಆ ವರ್ಷದ ಮ್ಯಾಕಿ ಪ್ರಶಸ್ತಿ ಹಾಕಿನ್ಸನ್ ಅವರಿಗೆ ಹೋಯಿತು.

ಈ ಪದ್ಧತಿಗೆ ಈಗ ಎದುರಾಗಿರುವ ಕಷ್ಟ ಮೈದಾನದಾಚೆಯದು. 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಆಟಗಾರ ಕಾಲೇಜು ಬದಲಿಸುವುದು ಸುಲಭವಾಯಿತು. 2021ರಿಂದ ಒಂದು ಸಲ, 2024ರಿಂದ ಎಷ್ಟು ಸಲವಾದರೂ, ಒಂದು ವರ್ಷ ಕಾಯದೆಯೇ ಹೊಸ ತಂಡಕ್ಕೆ ಆಡಬಹುದಾಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, 2025ರ ಜುಲೈಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಆಟಗಾರರಿಗೆ ಇದು ನ್ಯಾಯವಾಗಿಯೇ ಸಲ್ಲಬೇಕಾದದ್ದು. ಆದರೆ ಎರಡು ವರ್ಷ ಊಟ ಹಾಕಿ, ತೂಕ ಏರಿಸಿ, ಹೆಜ್ಜೆ ಕಲಿಸಿದ ಹುಡುಗ ಆರು ಪಾಸ್ ಹಿಡಿದು ಬೇಸತ್ತು ಮೂರನೆಯ ವರ್ಷ ಬೇರೆಡೆಗೆ ಹೋದರೆ, ಆ ಪರಿಶ್ರಮದ ಫಲವನ್ನು ಇನ್ನೊಂದು ಕಾಲೇಜು ಉಣ್ಣುತ್ತದೆ. ತಡವಾಗಿ ಪಕ್ವವಾಗುವ ಸ್ಥಾನಗಳಿಗೆ ಈ ಪೆಟ್ಟು ಹೆಚ್ಚು. ಅಯೋವಾ ಕೂಡ ಬೇರೆಯವರು ಬೆಳೆಸಿದವರನ್ನು ಕರೆತರುವುದರಿಂದ ಹೊರತಲ್ಲ: 2023ರಲ್ಲಿ ಮಿಷಿಗನ್‌ನಿಂದ ಬಂದ ಎರಿಕ್ ಆಲ್ ಗಾಯಗೊಳ್ಳುವವರೆಗೆ ಅಲ್ಲಿ ಆಡಿ, ಮರುವರ್ಷ ನಾಲ್ಕನೇ ಸುತ್ತಿನಲ್ಲಿ ಸಿನ್ಸಿನಾಟಿ ಬೆಂಗಲ್ಸ್ ಸೇರಿದರು.

ಇದಕ್ಕೆ ಜೊತೆಯಾಗಿ, 2025ರ ನ್ಯಾಯಾಲಯದ ಒಪ್ಪಂದ ಫುಟ್‌ಬಾಲ್ ತಂಡದ ಗಾತ್ರವನ್ನು 105ಕ್ಕೆ ಸೀಮಿತಗೊಳಿಸಿದೆ. ಹಿಂದೆ 85 ವಿದ್ಯಾರ್ಥಿವೇತನಗಳ ಮೇಲೆ ಎಷ್ಟು ವಾಕ್-ಆನ್‌ಗಳನ್ನಾದರೂ ಇಟ್ಟುಕೊಳ್ಳಬಹುದಿತ್ತು. ಕ್ಲಾರ್ಕ್ ಅವರಂಥ ಲೈನ್‌ಬ್ಯಾಕರ್‌ಗೆ ಜಾಗ ಸಿಕ್ಕದ್ದು ಆ ಸಡಿಲಿನಲ್ಲಿ. ಈಗ ಪ್ರತಿ ಜಾಗಕ್ಕೂ ಲೆಕ್ಕ ಕೊಡಬೇಕಾದ ಕೋಚ್, ಮೂರು ವರ್ಷ ಬಿಟ್ಟು ಟೈಟ್ ಎಂಡ್ ಆಗಬಹುದಾದ ಹುಡುಗನಿಗೆ ಆ ಜಾಗ ಕೊಡುವುದೋ, ಈ ವರ್ಷವೇ ಬ್ಲಾಕ್ ಮಾಡಬಲ್ಲ 23ರ ಆಟಗಾರನನ್ನು ಪೋರ್ಟಲ್‌ನಿಂದ ತರುವುದೋ ಎಂದು ಪ್ರತಿ ಚಳಿಗಾಲದಲ್ಲೂ ತೀರ್ಮಾನಿಸಬೇಕಾಗಿದೆ.